ಬೋರ್‌ವೆಲ್ ಇನ್ನೂ ಆಳಕ್ಕೆ ಕೊರೆಸಬೇಕೇ? ಬೆಂಗಳೂರಿನ ಕೆಳಗೆ ನಿಜಕ್ಕೂ ಎಷ್ಟು ನೀರಿದೆ?

ಪ್ರಶ್ನೆ: ಸರ್ಜಾಪುರ ರಸ್ತೆಯ ಕಡೆ ನಮ್ಮದು ಒಂದು ಎಕರೆಯಲ್ಲಿ 100 ಮನೆಗಳಿರುವ ಅಪಾರ್ಟ್‌ಮೆಂಟ್. ಎರಡು ಬೋರ್‌ವೆಲ್ ಇವೆ, ಒಂದು 650 ಅಡಿ, ಇನ್ನೊಂದು 1,100 ಅಡಿ. ಎರಡೂ ಕೈಕೊಟ್ಟಿವೆ, ಈಗ ಟ್ಯಾಂಕರ್ ನೀರೇ ಗತಿ. ನಮ್ಮ ಕಾಂಪೌಂಡಿನಿಂದ ಐವತ್ತು ಅಡಿ ಆಚೆ, ಪಕ್ಕದ ಲೇಔಟಿನವರಿಗೆ 400 ಅಡಿಗೇ ನೀರು ಸಿಕ್ಕಿದೆ. ಪಾಯಿಂಟ್ ನೋಡಲು ಬಂದವರು "1,500 ಅಡಿಗೆ ಹೋಗಿ, ಕೆಳಗೆ ಹರಿಯೋ ನೀರಿದೆ" ಎನ್ನುತ್ತಾರೆ. ಕೊರೆಸಬಹುದೇ? ಇನ್ನೊಂದು ವಿಷಯ: ಈ ಜಾಗ ತೋಟವಾಗಿದ್ದಾಗಿನ ಹಳೆಯ ತೆರೆದ ಬಾವಿಯೊಂದು ಮೂಲೆಯಲ್ಲಿದೆ, ಚಪ್ಪಡಿ ಹಾಕಿ ಮುಚ್ಚಿದ್ದಾರೆ. ಅದಕ್ಕೆ ಕಟ್ಟಡದ ಅವಶೇಷ ತುಂಬಿಸಿ ಪಾರ್ಕಿಂಗ್ ಮಾಡೋಣ ಎಂದು ಅಸೋಸಿಯೇಷನ್‌ನಲ್ಲಿ ಮಾತು ನಡೆದಿದೆ. ಕಾವೇರಿ ಐದನೇ ಹಂತದ ನೀರು ಬಂದ ಮೇಲೆ ಇದರ ಚಿಂತೆ ಯಾಕೆ ಎನ್ನುವವರೂ ಇದ್ದಾರೆ. ನಿಮ್ಮ ಸಲಹೆ ಏನು?

ಉತ್ತರ: ಮೊದಲು ಆ ಬಾವಿಯನ್ನು ಉಳಿಸಿಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ವಿವರಿಸುತ್ತೇನೆ, ಆದರೆ ಇದೊಂದನ್ನು ಮುಂದಿನ ಸಭೆಯಲ್ಲೇ ಹೇಳಿಬಿಡಿ. ಒಮ್ಮೆ ಇಟ್ಟಿಗೆ ಚೂರು, ಸಿಮೆಂಟ್ ಕಸ ತುಂಬಿದ ಬಾವಿಯನ್ನು ಮತ್ತೆ ಬಾವಿಯಾಗಿಸಲು ಆಗುವುದಿಲ್ಲ. ಇನ್ನು 1,500 ಅಡಿಯ ಬೋರ್‌ವೆಲ್‌ಗೆ ನನ್ನ ಉತ್ತರ: ಬೇಡ.

ಕಾರಣ ನೋಡಬೇಕೆಂದರೆ ಒಂದು ದಿನ ಲಾಲ್‌ಬಾಗಿಗೆ ಹೋಗಿ, ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ನಿಲ್ಲಿ. ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಎಂಬ ಗಟ್ಟಿ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆ ಬಂದಾಗ ಆ ಬಂಡೆಯ ಮೇಲೆ ನೀರು ಏನಾಗುತ್ತದೆ ಗಮನಿಸಿ. ಒಂದು ಹನಿಯೂ ಒಳಗೆ ಹೋಗುವುದಿಲ್ಲ, ಜಾರಿ ಇಳಿದುಬಿಡುತ್ತದೆ. ಎಲ್ಲಾದರೂ ಸಣ್ಣ ಬಿರುಕಿದ್ದರೆ ಮಾತ್ರ ಅಲ್ಲಿ ಒಂದಿಷ್ಟು ಒಸರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವುದೂ ಇದೇ ಬಂಡೆ. ಲಾಲ್‌ಬಾಗಿನಲ್ಲಿ ಅದು ಮೈಬಿಟ್ಟು ನಿಂತಿದೆ, ನಿಮ್ಮಲ್ಲಿ ಮಣ್ಣು ಹೊದ್ದು ಮಲಗಿದೆ. ಅಷ್ಟೇ ವ್ಯತ್ಯಾಸ.

ಆ ಹೊದಿಕೆಯಲ್ಲೇ ಎಲ್ಲ ಇರುವುದು. ಮೇಲ್ಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಲಕ್ಷಾಂತರ ವರ್ಷ ನೀರು ಗಾಳಿ ತಾಗಿ ಪುಡಿಯಾದ, ಕೈಯಲ್ಲಿ ಹಿಡಿದರೆ ಉದುರುವಂಥ ಕಲ್ಲು. ಇದನ್ನು ನಾವು ಶಿಥಿಲ ಪದರ ಎನ್ನುತ್ತೇವೆ. ಬೆಂಗಳೂರಿನಲ್ಲಿ ಇದರ ದಪ್ಪ ಕೆಲವೆಡೆ 30 ಅಡಿ, ಕೆಲವೆಡೆ 100 ಅಡಿಯನ್ನೂ ದಾಟುತ್ತದೆ. ನಿಮ್ಮಲ್ಲಿ ಎಷ್ಟಿದೆ ಎಂದು ತಿಳಿಯಲು ಯಾವ ಯಂತ್ರವೂ ಬೇಡ: ಬೋರ್‌ವೆಲ್ ಕೊರೆಸಿದಾಗಿನ ಹಳೆಯ ಬಿಲ್ ಹುಡುಕಿ, ಕೇಸಿಂಗ್ ಪೈಪು ಎಷ್ಟು ಅಡಿ ಇಳಿಸಿದ್ದಾರೆ ನೋಡಿ. ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ ಕೇಸಿಂಗ್ ಹಾಕುತ್ತಾರೆ. ಆದ್ದರಿಂದ ಆ ಅಂಕಿಯೇ ಹೆಚ್ಚುಕಡಿಮೆ ನಿಮ್ಮ ಶಿಥಿಲ ಪದರದ ದಪ್ಪ.

ಅದರ ಕೆಳಗೆ ಬಂಡೆ. ಬಂಡೆಯಲ್ಲಿ ಅಲ್ಲಲ್ಲಿ ಸೀಳು. ರಿಗ್ಗಿನವರು ಇದನ್ನೇ "ಗ್ಯಾಪ್" ಎನ್ನುವುದು. ರಾತ್ರಿಯೆಲ್ಲ ರಿಗ್ ಪಕ್ಕದಲ್ಲಿ ಕೂತಿದ್ದವರಿಗೆ ಈ ಕ್ಷಣ ಗೊತ್ತು. ಗಂಟೆಗಟ್ಟಲೆ ಒಣ ಬಿಳಿ ಧೂಳು ಹಾರುತ್ತಿರುತ್ತದೆ, ಇದ್ದಕ್ಕಿದ್ದಂತೆ ಪುಡಿಯ ಬಣ್ಣ ಬದಲಾಗಿ ಒದ್ದೆಯಾಗುತ್ತದೆ, ಆಮೇಲೆ ನೀರು ಚಿಮ್ಮುತ್ತದೆ. ಸುತ್ತ ನಿಂತವರ ಮುಖ ಅರಳುತ್ತದೆ. ಆ ಸಂತೋಷವನ್ನು ನಾನೂ ಎಷ್ಟೋ ಸಲ ಹಂಚಿಕೊಂಡಿದ್ದೇನೆ. ಆದರೆ ಆ ಸೀಳು ಒಂದು ದಾರಿ, ತೊಟ್ಟಿಯಲ್ಲ. ಅದರೊಳಗೆ ಹಿಡಿಸುವ ನೀರು ಅತಿ ಕಡಿಮೆ. ಮೇಲಿನ ಶಿಥಿಲ ಪದರದಲ್ಲಿ ನಿಂತ ನೀರು ಆ ದಾರಿಯಲ್ಲಿ ಇಳಿದು ನಿಮ್ಮ ಕೊಳವೆಗೆ ಬರುತ್ತದೆ. ಮೇಲಿನ ಪದರ ಬರಿದಾದ ಮೇಲೆ ಸೀಳು ಎಷ್ಟು ಆಳದಲ್ಲಿದ್ದರೂ ಅದು ಖಾಲಿ ನಲ್ಲಿ.

ಇದನ್ನು ನಿಮ್ಮ ಒಂದು ಎಕರೆಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಶಿಥಿಲ ಪದರದಲ್ಲಿ 10 ಮೀಟರ್ ದಪ್ಪಕ್ಕೆ ನೀರು ತುಂಬಿದೆ ಎಂದುಕೊಳ್ಳಿ. ಅದು ಸ್ಪಂಜಿನಂಥ ಪದರವೇ ಆದರೂ ನಾವು ಎತ್ತಿಕೊಳ್ಳಬಹುದಾದ ನೀರು ಅದರ ಗಾತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ, ಉಳಿದದ್ದು ಮಣ್ಣಿಗೆ ಅಂಟಿಕೊಂಡೇ ಇರುತ್ತದೆ. ನೂರಕ್ಕೆ ಎರಡು ಹಿಡಿದರೆ ಸಿಗುವುದು ಸುಮಾರು 8 ಲಕ್ಷ ಲೀಟರ್. ನಿಮ್ಮಲ್ಲಿ 100 ಮನೆ, ಮನೆಗೆ ನಾಲ್ವರು, ನಗರಕ್ಕೆ ಹಾಕುವ ಅಳತೆಯಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ದಿನದ ಖರ್ಚು 54,000 ಲೀಟರ್. ಅಂದರೆ ನಿಮ್ಮ ಕಾಲ ಕೆಳಗಿನ ಅಷ್ಟೂ ದಾಸ್ತಾನು ಹದಿನೈದು ದಿನದ ನೀರು.

ಈ ಅಂಕಿಯನ್ನು ಎಷ್ಟು ಜನರಿಗೆ ಹೇಳಿದರೂ ಮೊದಲು ನಂಬುವುದಿಲ್ಲ. ಬಂಡೆಯೊಳಗಿನ ಸೀಳುಗಳನ್ನು ಸೇರಿಸಿದರೂ ಲೆಕ್ಕ ದೊಡ್ಡದಾಗಿ ಬದಲಾಗುವುದಿಲ್ಲ, ಏಕೆಂದರೆ ಗಟ್ಟಿ ಬಂಡೆಯಲ್ಲಿ ಸೀಳುಗಳ ಜಾಗ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಅವು ಬಿಗಿದುಕೊಳ್ಳುತ್ತ ವಿರಳವಾಗುತ್ತವೆ. ಹಾಗಾದರೆ ಇಷ್ಟು ವರ್ಷ ನಿಮ್ಮ ಬೋರ್‌ವೆಲ್ ಹೇಗೆ ನಡೆಯಿತು? ಸುತ್ತಲಿನ ಹತ್ತಾರು ಎಕರೆಯ ನೀರು ಸೀಳುಗಳ ಮೂಲಕ ನಿಮ್ಮ ಕಡೆ ಬರುತ್ತಿತ್ತು. ಅಲ್ಲಿ ಆಗ ಹೊಲ, ತೋಪು, ಕೆರೆ ಇದ್ದವು. ಈಗ ಅಲ್ಲೂ ಅಪಾರ್ಟ್‌ಮೆಂಟ್, ಅವರದೂ ಬೋರ್‌ವೆಲ್, ನೆಲಕ್ಕೆಲ್ಲ ಕಾಂಕ್ರೀಟು. ಒಂದೇ ತಟ್ಟೆಗೆ ಇಪ್ಪತ್ತು ಕೈ.

ಪಕ್ಕದ ಲೇಔಟಿನವರಿಗೆ 400 ಅಡಿಗೆ ಸಿಕ್ಕಿದ್ದರಲ್ಲೂ ಆಶ್ಚರ್ಯವಿಲ್ಲ. ಸೀಳುಗಳು ಚಾಪೆಯ ಹಾಗೆ ಮಟ್ಟವಾಗಿ ಹಾಸಿಕೊಂಡಿರುವುದಿಲ್ಲ. ಓರೆಯಾಗಿ, ಕಡಿದಾಗಿ ಇಳಿಯುತ್ತವೆ. ಆರೂವರೆ ಇಂಚಿನ ಕೊಳವೆ ಅದನ್ನು ಮುಟ್ಟಿದರೆ ನೀರು, ನಾಲ್ಕಡಿ ತಪ್ಪಿದರೆ ಧೂಳು. ಇನ್ನು ಕೆಲವು ಕಡೆ ನೈಸ್ ಬಂಡೆಯ ನಡುವೆ ಗೋಡೆ ಎಬ್ಬಿಸಿದ ಹಾಗೆ ಕರಿಕಲ್ಲಿನ ಪಟ್ಟಿ ಹಾದುಹೋಗಿರುತ್ತದೆ. ಡೊಲೆರೈಟ್ ಡೈಕ್ ಎನ್ನುತ್ತಾರೆ. ಅದರ ಒಂದು ಮಗ್ಗುಲಲ್ಲಿ ನೀರು ತಡೆದು ನಿಲ್ಲಬಹುದು, ಇನ್ನೊಂದು ಮಗ್ಗುಲಲ್ಲಿ ಬರ. "ಕೆಳಗೆ ಹರಿಯೋ ನೀರು" ಎನ್ನುವುದಕ್ಕೆ ಮಾತ್ರ ಇಲ್ಲಿ ಆಧಾರವಿಲ್ಲ. ಸುಣ್ಣಕಲ್ಲಿನ ನಾಡುಗಳಲ್ಲಿ ಕಲ್ಲು ಕರಗಿ ಗುಹೆಗಳಾಗಿ ಅದರೊಳಗೆ ಹೊಳೆ ಹರಿಯುವುದುಂಟು. ನೈಸ್ ಹಾಗೆ ಕರಗುವ ಕಲ್ಲಲ್ಲ.

ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿದು ಪಾಯಿಂಟ್ ಹೇಳುವವರ ಬಗ್ಗೆ ಜನ ನನ್ನನ್ನು ಯಾವಾಗಲೂ ಕೇಳುತ್ತಾರೆ. ಅವರಲ್ಲಿ ಅನೇಕರು ನೂರಾರು ಬೋರ್ ಕಂಡವರು. ನೆಲದ ಇಳಿಜಾರು, ಮರಗಿಡ ಓದುವ ಕಣ್ಣು ಅವರಿಗಿರುತ್ತದೆ. ಕಾಯಿಗೆ ಮಾತ್ರ ನೀರು ತಿಳಿಯದು. ನೆಲಕ್ಕೆ ವಿದ್ಯುತ್ ಹರಿಸಿ ಅದು ಒಡ್ಡುವ ತಡೆಯನ್ನು ಅಳೆಯುವ ರೆಸಿಸ್ಟಿವಿಟಿ ಪರೀಕ್ಷೆ ಅದಕ್ಕಿಂತ ನಂಬಿಕೆಗೆ ಅರ್ಹ. ಶಿಥಿಲ ಪದರ ಎಲ್ಲಿ ದಪ್ಪ, ಮೇಲಿನ ನೂರಿನ್ನೂರು ಅಡಿಯಲ್ಲಿ ಎಲ್ಲಿ ಬಿರುಕಿದೆ ಎನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ. 1,500 ಅಡಿಯ ಸೀಳನ್ನು ಅದೂ ಕಾಣಿಸಲಾರದು. ಅಷ್ಟು ಆಳದ ಭರವಸೆ ಯಾರೇ ಕೊಡಲಿ, ಅದು ಊಹೆ.

ಊಹೆ ನಿಜವಾಯಿತು, ನೀರು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಮೊದಲ ದಿನ ಎರಡಿಂಚು ನೀರು, ಎಲ್ಲರಿಗೂ ಸಿಹಿ. ಅದು ಆ ಸೀಳಿನಲ್ಲಿ ಎಷ್ಟೋ ಕಾಲದಿಂದ ನಿಂತ ಹಳೆಯ ನೀರು, ಮೇಲಿನ ಮಳೆ ಅಲ್ಲಿಗೆ ತಲುಪಲು ಬಹಳ ಕಾಲ ಬೇಕು. ಎತ್ತುವ ವೇಗ ತುಂಬುವ ವೇಗಕ್ಕಿಂತ ಎಷ್ಟೋ ಪಾಲು ಹೆಚ್ಚಾದಾಗ ಅದು ತಿಂಗಳುಗಳಲ್ಲಿ ಸೊರಗುತ್ತದೆ. ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದ ನೀರು ಕಲ್ಲಿನ ಗುಣವನ್ನೂ ಹೊತ್ತು ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಆಳದ ನೀರು ಕುಡಿದು ಫ್ಲೋರೈಡಿನಿಂದ ಹಲ್ಲು ಕಂದಿದ ಮಕ್ಕಳನ್ನು, ಮೂಳೆ ಸೆಟೆದು ನಡೆಯಲಾರದ ಹಿರಿಯರನ್ನು ನೋಡಿದವರಿಗೆ ಈ ಮಾತು ಬರೀ ಅಂಕಿ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ. ಗ್ರಾನೈಟ್, ನೈಸ್ ಪ್ರದೇಶದ ಆಳದ ನೀರಿನಲ್ಲಿ ಯುರೇನಿಯಂ ಅಂಶವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಕರೆಂಟಿನ ಮಾತೂ ಇದೆ. ಸಾವಿರ ಲೀಟರ್ ನೀರನ್ನು 1,200 ಅಡಿಯಿಂದ ಎತ್ತಲು, ಪಂಪಿನ ನಷ್ಟ ಸೇರಿ, ಸುಮಾರು 2 ಯೂನಿಟ್ ಬೇಕು. ದಿನಕ್ಕೆ 54,000 ಲೀಟರ್ ಎಂದರೆ ನೂರಕ್ಕೂ ಹೆಚ್ಚು ಯೂನಿಟ್.

ಈಗ ಕಾವೇರಿಗೆ ಬರೋಣ, ಏಕೆಂದರೆ ನಿಮ್ಮ ನೆರೆಹೊರೆಯವರ ವಾದದಲ್ಲಿ ಅರ್ಧ ಸತ್ಯವಿದೆ. ಅಂತರ್ಜಲವೊಂದನ್ನೇ ನಂಬಿ ಇಷ್ಟು ದೊಡ್ಡ ಊರು ಬದುಕಲಾರದು. ನಿಮ್ಮ ಎಕರೆಯ ಲೆಕ್ಕದಲ್ಲೇ ನೋಡಿ: ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ನಿಮ್ಮ ಜಾಗದ ಮೇಲೆ ಬೀಳುವ ಪ್ರತಿ ಹನಿಯನ್ನು ಹಿಡಿದರೂ 39 ಲಕ್ಷ ಲೀಟರ್. ನಿಮ್ಮ ವರ್ಷದ ಖರ್ಚು 197 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು! ಮಳೆಕೊಯ್ಲು ಮಾಡಿದರೆ ಸಾಕು, ಹೊರಗಿನ ನೀರೇ ಬೇಡ ಎನ್ನುವವರಿಗೂ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಒತ್ತೊತ್ತಾಗಿ ಎತ್ತರಕ್ಕೆ ಕಟ್ಟಿದ ಊರಿಗೆ ಹೊರಗಿನ ನೀರು ಬೇಕೇ ಬೇಕು.

ಬೆಂಗಳೂರು ಅದನ್ನು ಬಹಳ ಹಿಂದೆಯೇ ಕಂಡುಕೊಂಡಿತು. ಈ ಊರು ಕುಳಿತಿರುವುದು ದಿಬ್ಬದ ನೆತ್ತಿಯ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ದಾರಿ ಹಿಡಿದು ಕಾವೇರಿ ಸೇರುತ್ತದೆ. ನಿಮ್ಮ ಕಡೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನೆತ್ತಿಯ ಮೇಲಿನ ಊರಿಗೆ ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ತುಂಬುವಂತೆ ಮಾಡಿದರು. ಧರ್ಮಾಂಬುಧಿ, ಸಂಪಂಗಿ ಕೆರೆಗಳು ಊರಿಗೆ ನೀರು ಕೊಟ್ಟವು. ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ, ಕಂಠೀರವ ಕ್ರೀಡಾಂಗಣ ಇರುವ ಜಾಗಗಳು ಅವೇ. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ಬಂತು. 1933ರಲ್ಲಿ ಅರ್ಕಾವತಿ, ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಆಯಿತು. ಅದೂ ಸಾಲದೆ 1974ರಲ್ಲಿ ಕಾವೇರಿ ಮೊದಲ ಹಂತ. 2012ರ ಹೊತ್ತಿಗೆ ದಿನಕ್ಕೆ 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ಇನ್ನೂ 77.5 ಕೋಟಿ ಲೀಟರ್ ಸೇರುವ ವ್ಯವಸ್ಥೆ ಆಯಿತು. ಪಾಲಿಕೆಗೆ 2007ರಲ್ಲಿ ಸೇರಿದ 110 ಹಳ್ಳಿಗಳಿಗಾಗಿ ಇದು.

ಈ ನೀರು ಬರುವ ದಾರಿಯನ್ನೂ ತಿಳಿದುಕೊಳ್ಳಿ. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಲ್ಲಿ ತಿರುಗಿಸಿಕೊಂಡ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಮೇಲೆತ್ತಿಸಿಕೊಂಡು ಸುಮಾರು ನೂರು ಕಿಲೋಮೀಟರ್ ಬರುತ್ತದೆ. ಪೈಪಿನ ತಿಕ್ಕಾಟದ ನಷ್ಟವೂ ಸೇರಿ ಪಂಪುಗಳು ಎತ್ತುವುದು ಸುಮಾರು 500 ಮೀಟರ್. ಅಡಿಯಲ್ಲಿ ಹೇಳಿದರೆ 1,600ಕ್ಕೂ ಹೆಚ್ಚು. ನಿಮ್ಮ ಪಾಯಿಂಟಿನವರು ಹೇಳುವ ಬೋರ್‌ವೆಲ್‌ಗಿಂತಲೂ ಆಳದ ಬಾವಿಯಿಂದ ಇಡೀ ಊರಿಗೆ ಹಗಲೂ ರಾತ್ರಿ ನೀರು ಸೇದುತ್ತಿದ್ದೇವೆ. ಆ ನೀರಿನ ಒಂದು ಲೋಟವೂ ಅಗ್ಗವಲ್ಲ.

ಅದರ ಲೆಕ್ಕದಲ್ಲೂ ಅಂತರ್ಜಲ ತಲೆ ಹಾಕಿದೆ. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಕುಡಿಯುವ ನೀರಿನ ಅರ್ಧ ಅಂತರ್ಜಲದಿಂದ ಸಿಗುತ್ತದೆ ಎಂದು ಭಾವಿಸಿ ಕಾವೇರಿ ನ್ಯಾಯಮಂಡಳಿ ನಗರದ ಪಾಲನ್ನು ಕಡಿಮೆ ಮಾಡಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ಬೆಂಗಳೂರಿಗೆ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ಅರ್ಧ ಊರನ್ನು ಬಂಡೆಯೊಳಗಿನ ನೀರು ಸಾಕುತ್ತದೆ ಎಂಬ ಊಹೆ ಎಷ್ಟು ದುರ್ಬಲ ಎಂದು 2024ರ ಬೇಸಿಗೆ ತೋರಿಸಿತು. ಊರಿನ ಸುಮಾರು 14,000 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಆ ದಿನಗಳಲ್ಲಿ ಹೊರವಲಯಕ್ಕೆ ಬರ, ಊರಿನ ನಡುಭಾಗದಲ್ಲಿ ಅಂತರ್ಜಲದ ಮಟ್ಟ ಅಷ್ಟೇನೂ ಇಳಿದಿರಲಿಲ್ಲ. ಕಾರಣ ನಡುಭಾಗದ ನೆಲ ಬೇರೆ ಎಂದಲ್ಲ. ಅಲ್ಲಿ ಕಾವೇರಿ ಪೈಪುಗಳಿವೆ, ಅವು ಸೋರುತ್ತವೆ, ಒಳಚರಂಡಿಯೂ ಸೋರುತ್ತದೆ, ಜನ ಬೋರ್‌ವೆಲ್ ನಡೆಸುವುದೂ ಕಡಿಮೆ. ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರಿನ ಒಂದು ಪಾಲು ತಿಳಿಯದೆಯೇ ಅಲ್ಲಿಯ ನೆಲ ತುಂಬುತ್ತಿದೆ. ಅಲ್ಲಿಯ ಅಂತರ್ಜಲದಲ್ಲಿ ನೈಟ್ರೇಟ್ ಹೆಚ್ಚಿರುವುದೂ ಒಳಚರಂಡಿಯ ಈ ಸೋರಿಕೆಯಿಂದಲೇ. ಮಿತಿ ಲೀಟರಿಗೆ 45 ಮಿಲಿಗ್ರಾಂ. ನೈಟ್ರೇಟನ್ನು ಕುದಿಸಿ ತೆಗೆಯಲಾಗದು.

ನಾನು ಇದರಿಂದ ಹೇಳುವುದು ಇಷ್ಟು: ನಮ್ಮ ಶಿಥಿಲ ಪದರ ಚಿಕ್ಕ ಪಾತ್ರೆ, ಆದರೆ ಬೇಗ ತುಂಬುವ ಪಾತ್ರೆ. ಜಕ್ಕೂರು ಕೆರೆಗೆ ಸಂಸ್ಕರಿಸಿದ ಒಳಚರಂಡಿ ನೀರು ಬಿಟ್ಟ ಮೇಲೆ ಸುತ್ತಲಿನ ಬಾವಿಗಳಿಗೆ ಜೀವ ಬಂತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದ ಮೇಲೆ ಅಲ್ಲಿ ಅಂತರ್ಜಲ ಮೇಲೇರಿತು. ಅಲ್ಲಿ ನೀರಿನ ಶುದ್ಧತೆಯ ಬಗ್ಗೆ ರೈತರು ಎತ್ತಿದ ಪ್ರಶ್ನೆಗಳು ನ್ಯಾಯವಾದವು, ಸಂಸ್ಕರಣೆಯನ್ನು ಎರಡನೇ ಹಂತಕ್ಕೆ ನಿಲ್ಲಿಸದೆ ಇನ್ನೂ ಶುದ್ಧ ಮಾಡಿ ಬಿಡಬೇಕು ಎನ್ನುವವರ ಜೊತೆ ನಾನಿದ್ದೇನೆ. ಆದರೆ ಮೇಲಿನಿಂದ ತುಂಬಿದರೆ ಬಂಡೆನಾಡಿನ ನೆಲ ತುಂಬುತ್ತದೆ ಎನ್ನುವುದರಲ್ಲಿ ಅನುಮಾನ ಉಳಿದಿಲ್ಲ.

ಆದ್ದರಿಂದ 1,500 ಅಡಿಗೆ ಇಟ್ಟ ಹಣವನ್ನು ಮೇಲಿನ 30 ಅಡಿಗೆ ಹಾಕಿ. ಕಾವೇರಿ ಸಂಪರ್ಕಕ್ಕೆ ಅರ್ಜಿ ಹಾಕಿಲ್ಲದಿದ್ದರೆ ಮೊದಲು ಹಾಕಿ; ಕುಡಿಯಲು, ಅಡುಗೆಗೆ ಅದು. ನಿಮ್ಮ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ನೀರನ್ನು ಫ್ಲಶ್‌ಗೆ, ಗಿಡಗಳಿಗೆ ಕಡ್ಡಾಯವಾಗಿ ತಿರುಗಿಸಿದರೆ ಹೊಸ ನೀರಿನ ಅಗತ್ಯ ತಕ್ಷಣ ಇಳಿಯುತ್ತದೆ. ಮನೆಮನೆಗೆ ಮೀಟರ್ ಹಾಕಿ. ಎಷ್ಟು ಬಳಸುತ್ತೇವೆ ಎಂದು ಕಾಣತೊಡಗಿದ ಕೂಡಲೇ ಜನರ ಬಳಕೆ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮಳೆನೀರಿಗೆ ಇಂಗುಬಾವಿ ತೋಡಿಸಿ. ಮೂರರಿಂದ ಐದು ಅಡಿ ಅಗಲ, ಇಪ್ಪತ್ತರಿಂದ ಮೂವತ್ತು ಅಡಿ ಆಳ, ಸಿಮೆಂಟ್ ರಿಂಗ್ ಇಳಿಸಿ ತಳವನ್ನು ಮಣ್ಣಿಗೇ ಬಿಡುತ್ತಾರೆ. ಒಳಗೆ ಜಲ್ಲಿ ತುಂಬುವುದು ಬೇಡ, ನೀರು ನಿಲ್ಲುವ ಜಾಗ ಹಾಳು. ಹೂಳು ತೆಗೆಯಲೂ ಆಗದು. ಈ ಕೆಲಸಕ್ಕೆ ಮಣ್ಣು ವಡ್ಡರನ್ನು ಕರೆಯಿರಿ. ತಲೆಮಾರುಗಳಿಂದ ಬಾವಿ, ಕೆರೆ ತೋಡಿದ ಜನ. ಎಷ್ಟು ಅಡಿಗೆ ಮಣ್ಣು ಬದಲಾಗುತ್ತದೆ, ಎಲ್ಲಿ ನೀರು ಕುಡಿಯುವ ಪದರ ಸಿಗುತ್ತದೆ ಎಂದು ಪಿಕಾಸಿಯ ಸದ್ದಿನಲ್ಲೇ ಹೇಳುತ್ತಾರೆ. ಬತ್ತಿದ ಬೋರ್‌ವೆಲ್‌ಗೆ ನೇರವಾಗಿ ಮಳೆನೀರು ಬಿಡಬೇಡಿ, ಡ್ರೈವ್‌ವೇ ನೀರನ್ನಂತೂ ಬಿಡಲೇಬೇಡಿ. ಎಣ್ಣೆ, ಕೊಳೆ ಸೀದಾ ಸೀಳಿಗೆ ಇಳಿದುಬಿಟ್ಟರೆ ತೊಳೆಯುವ ದಾರಿಯಿಲ್ಲ. ಆ ಎರಡೂ ಕೊಳವೆಗಳ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟ್ ಬಿಗಿಸಿ. ಮಕ್ಕಳು ಬಿದ್ದ ಸುದ್ದಿಗಳನ್ನು ನಾವು ಸಾಕಷ್ಟು ಕೇಳಿದ್ದೇವೆ.

ಇನ್ನು ಮೂಲೆಯ ಬಾವಿ. ತೋಟದವರು ಅಲ್ಲಿ ಬಾವಿ ತೋಡಿದ್ದು ಅಲ್ಲಿ ಸೆಲೆ ಇತ್ತು ಎಂದು. ನೀವು ಹಣ ಕೊಟ್ಟು ಮಾಡಿಸಬೇಕಾದ ಇಂಗುಬಾವಿಗಿಂತ ನಾಲ್ಕಾರು ಪಟ್ಟು ದೊಡ್ಡದು ಪುಕ್ಕಟೆಯಾಗಿ ನಿಮ್ಮ ಆವರಣದಲ್ಲಿದೆ. ಚಪ್ಪಡಿ ತೆಗೆಸಿ, ಎರಡು ದಿನ ಗಾಳಿಯಾಡಲು ಬಿಡಿ. ಬಹುಕಾಲ ಮುಚ್ಚಿದ ಬಾವಿಯಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಅನುಭವವಿಲ್ಲದ ಯಾರನ್ನೂ ಇಳಿಸಬೇಡಿ, ಸೆಕ್ಯುರಿಟಿಯವರನ್ನು "ಸ್ವಲ್ಪ ನೋಡಿ ಬಾ" ಎಂದು ಕಳಿಸಲೇಬೇಡಿ. ಮೇಲೆ ನಿಂತೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದಿಂದ ನೀರು ಎಷ್ಟು ಅಡಿಗೆ ಇದೆ, ತಳ ಎಷ್ಟು ಅಡಿಗೆ ಇದೆ, ಎರಡನ್ನೂ ಬರೆದುಕೊಳ್ಳಿ. ನೀರಿಲ್ಲದಿದ್ದರೂ ತಳದ ಮಣ್ಣು ಒದ್ದೆಯೋ ಒಣಗಿದೆಯೋ ನೋಡಿ. ತಿಂಗಳಿಗೊಮ್ಮೆ ಅದೇ ತಾರೀಕಿಗೆ ಅಳೆಯಿರಿ, ಪಕ್ಕದಲ್ಲಿ ಆ ತಿಂಗಳು ಬಿದ್ದ ಮಳೆಯನ್ನೂ ಬರೆಯಿರಿ. ಕೇಸಿಂಗಿನ ಅಡಿ ಇರುವ ಹಳೆಯ ಬಿಲ್ ಮತ್ತು ಮೂರು ತಿಂಗಳ ಈ ಅಳತೆಗಳನ್ನು ನನಗೆ ಕಳಿಸಿ. ಯಾವ ಟೆರೇಸಿನ ಪೈಪನ್ನು ಆ ಬಾವಿಗೆ ತಿರುಗಿಸಬೇಕು, ಮುಂಗಾರಿನ ಹೊತ್ತಿಗೆ ಇನ್ನೆಷ್ಟು ಇಂಗುಬಾವಿ ಬೇಕು ಎಂದು ಲೆಕ್ಕ ಹಾಕಿ ಹೇಳುತ್ತೇನೆ.